47ರಲ್ಲಿ ಮೊಡವೆಗೆ ಐಸೊಟ್ರೆಟಿನಾಯಿನ್: ಬೀರುವಿನಲ್ಲಿಟ್ಟ ಮಾತ್ರೆ ನುಂಗಲೇ, ಬೇಡವೇ?

ಪ್ರಶ್ನೆ:

ಡಾಕ್ಟ್ರೇ, ನನಗೆ 47 ವರ್ಷ. ದಾವಣಗೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ತೂಕ 62 ಕೆ.ಜಿ. ಹರೆಯದಲ್ಲಿ ನನ್ನ ಮುಖದಲ್ಲಿ ಒಂದು ಮೊಡವೆಯೂ ಇರಲಿಲ್ಲ. 43 ದಾಟಿದ ಮೇಲೆ ಶುರುವಾಯಿತು. ಗದ್ದ, ದವಡೆಯ ಅಂಚು, ಕತ್ತಿನ ಮೇಲ್ಭಾಗದಲ್ಲಿ ಮುಟ್ಟಿದರೆ ನೋಯುವ ಗಟ್ಟಿ ಗಂಟುಗಳು. ಒಂದು ಹೋಗುವಷ್ಟರಲ್ಲಿ ಇನ್ನೊಂದು. ಕಲೆ ಉಳಿಯುತ್ತದೆ, ಎರಡು ಕಡೆ ಗುಂಡಿಯೂ ಬಿದ್ದಿದೆ. ಡಾಕ್ಸಿಸೈಕ್ಲಿನ್ ಎರಡು ಸಲ ತೆಗೆದುಕೊಂಡೆ. ನುಂಗುವಾಗ ಕಡಿಮೆ, ಬಿಟ್ಟ ಮೇಲೆ ಮತ್ತೆ ಅದೇ. ಈಗ ಚರ್ಮದ ಡಾಕ್ಟರ್ ದಿನಕ್ಕೆ 20 ಮಿ.ಗ್ರಾಂ ಐಸೊಟ್ರೆಟಿನಾಯಿನ್ ಬರೆದಿದ್ದಾರೆ. ತಂದು ಮೂರು ವಾರವಾಯಿತು, ಬೀರುವಿನಲ್ಲೇ ಇದೆ. ನುಂಗಲು ಧೈರ್ಯ ಬರುತ್ತಿಲ್ಲ. ಲಿವರ್ ಹಾಳಾಗುತ್ತೆ ಅಂತ ನಾದಿನಿ ಹೇಳುತ್ತಾಳೆ. ಮುಟ್ಟು ನಿಂತರೆ ತಾನಾಗೇ ಹೋಗುತ್ತೆ, ಸುಮ್ನಿರು ಅಂತ ಯಜಮಾನರು. ಮುಟ್ಟು ನಾಲ್ಕು ತಿಂಗಳಿಂದ ಬಂದಿಲ್ಲ. ಬಿ.ಪಿ.ಗೆ ಟೆಲ್ಮಿಸಾರ್ಟಾನ್ 40 ತೆಗೆದುಕೊಳ್ಳುತ್ತೇನೆ. ಹೋದ ವರ್ಷ ಟ್ರೈಗ್ಲಿಸರೈಡ್ 210 ಇತ್ತು. ಮನೆಯಲ್ಲಿ 21 ವರ್ಷದ ಮಗಳಿದ್ದಾಳೆ, ಅವಳಿಗೂ ಮೊಡವೆ ಇದೆ. ಬಂಗಿಗೆ ಅಂತ ಮೆಡಿಕಲ್ ಸ್ಟೋರಿನವರು ಕೊಟ್ಟ ಕ್ರೀಮನ್ನು ಎರಡು ವರ್ಷದಿಂದ ರಾತ್ರಿ ಹಚ್ಚುತ್ತೇನೆ, ಬಿಟ್ಟರೆ ಮುಖ ಉರಿಯುತ್ತದೆ. ಈ ವಯಸ್ಸಿನಲ್ಲಿ ಇಷ್ಟು ಜೋರಿನ ಮಾತ್ರೆ ಬೇಕಾ? ಮುಖದ ಚಿಂತೆ ಮಾಡುವ ವಯಸ್ಸಾ ಇದು ಅಂತಲೂ ಅನಿಸುತ್ತದೆ.

ಉತ್ತರ:

ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ದಿನಾ ಬೆಳಿಗ್ಗೆ ಅರವತ್ತು ಮಕ್ಕಳ ಮುಂದೆ ನಿಲ್ಲುವವರು ನೀವು. ಗದ್ದದ ಮೇಲೆ ನೋಯುವ ಗಂಟು ಇಟ್ಟುಕೊಂಡು ನಿಲ್ಲುವುದು ಕಷ್ಟ. ಮೊಡವೆ ಒಂದು ಕಾಯಿಲೆ. ಅದು ನೋಯುತ್ತದೆ, ಗುಂಡಿ ಬೀಳಿಸುತ್ತದೆ, ಬಿದ್ದ ಗುಂಡಿ ತಾನಾಗಿ ತುಂಬುವುದಿಲ್ಲ. ಮಂಡಿ ನೋವಿಗೆ ಔಷಧಿ ಕೇಳಲು ಯಾರೂ ವಯಸ್ಸು ನೋಡುವುದಿಲ್ಲ. ಮುಖಕ್ಕೂ ಅಷ್ಟೇ. ಈ ಸಂಕೋಚದಿಂದ ಹೆಂಗಸರು ನಾಲ್ಕೈದು ವರ್ಷ ತಡವಾಗಿ ಬರುತ್ತಾರೆ. ಅಷ್ಟರಲ್ಲಿ ಗುಂಡಿಗಳು ಹತ್ತಾಗಿರುತ್ತವೆ.

ಇನ್ನು ಮಾತ್ರೆಯ ವಿಷಯ. ನಿಮ್ಮ ಡಾಕ್ಟರ್ ಬರೆದದ್ದು ತಪ್ಪಲ್ಲ. ಗಂಟು ಮೊಡವೆ, ಗುಂಡಿ ಬೀಳುತ್ತಿದೆ, ಆಂಟಿಬಯೋಟಿಕ್ ಎರಡು ಸಲ ಸೋತಿದೆ. ಇಷ್ಟಿದ್ದರೆ ಐಸೊಟ್ರೆಟಿನಾಯಿನ್ ಯೋಚಿಸುವುದು ಸರಿಯೇ. 47 ಅನ್ನುವುದು ಅದಕ್ಕೆ ಅಡ್ಡಿಯಲ್ಲ. ಆದರೂ ನೀವು ಮೂರು ವಾರ ತಡೆದದ್ದು ನನಗೆ ಒಳ್ಳೆಯದೇ ಅನಿಸಿತು. ಯಾಕೆಂದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಬಂಗಿನ ಕ್ರೀಮಿನ ಹತ್ತಿರ. ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ಅಂದಾಜು ಸರಿಯಿದ್ದರೆ, ಅದನ್ನು ನಿಮ್ಮ ಡಾಕ್ಟರಿಗೆ ಹೇಳಿಯೇ ಇಲ್ಲ. ಹೌದಲ್ವಾ?

ಮೆಡಿಕಲ್ ಸ್ಟೋರಿನಲ್ಲಿ ಬಂಗಿಗೆ ಅಂತ ಕೊಡುವ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಿ ಸೇರಿರುತ್ತವೆ. ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಸಿಪ್ಪೆ ತೆಗೆಯುವ ಟ್ರೆಟಿನಾಯಿನ್, ಮತ್ತು ಮೊಮೆಟಾಸೋನ್‌ನಂಥ ಒಂದು ಸ್ಟಿರಾಯ್ಡ್. ಡಾಕ್ಟರ್ ನೋಡಿಕೊಳ್ಳುತ್ತಾ ಕೆಲವು ವಾರ ಹಚ್ಚಿದರೆ ಬಂಗಿಗೆ ಇದು ಒಳ್ಳೆಯ ಔಷಧಿಯೇ. ಎರಡು ವರ್ಷ ಹಚ್ಚಿದರೆ ಕಥೆ ಬೇರೆ. ಸ್ಟಿರಾಯ್ಡ್ ಮೊದಮೊದಲು ಮುಖವನ್ನು ಬೆಳ್ಳಗೆ, ನುಣುಪಾಗಿ ಮಾಡುತ್ತದೆ. ಅದೇ ಅದರ ಮೋಸ. ಆಮೇಲೆ ಚರ್ಮ ತೆಳುವಾಗುತ್ತದೆ. ಕೆನ್ನೆಯಲ್ಲಿ ದಾರದಂಥ ಕೆಂಪು ನರಗಳು ಕಾಣುತ್ತವೆ. ಬಿಸಿಲಿಗೆ ಹೋದರೆ ಚುರುಗುಟ್ಟುತ್ತದೆ. ಸಣ್ಣ ಕೂದಲು ಬೆಳೆಯುತ್ತದೆ. ಮೊಡವೆಯೂ ಬರುತ್ತದೆ. ಹಚ್ಚುವುದನ್ನು ಬಿಟ್ಟರೆ ಎರಡು ಮೂರು ದಿನಕ್ಕೆ ಮುಖ ಕೆಂಪಾಗಿ ಉರಿಯುತ್ತದೆ. ಉರಿ ತಡೆಯಲಾಗದೆ ಮತ್ತೆ ಅದನ್ನೇ ಹಚ್ಚುತ್ತಾರೆ. ನೀವು ಬರೆದ 'ಬಿಟ್ಟರೆ ಮುಖ ಉರಿಯುತ್ತದೆ' ಅನ್ನುವುದು ಇದೇ.

ನಮ್ಮ ದೇಶದಲ್ಲಿ ಇದು ಎಷ್ಟು ಹರಡಿದೆ ಎಂದರೆ, ಚರ್ಮ ವೈದ್ಯರು ಇದಕ್ಕೆ ಒಂದು ಹೆಸರನ್ನೇ ಇಟ್ಟಿದ್ದಾರೆ. ಸ್ಟಿರಾಯ್ಡ್ ಹಚ್ಚಿ ಹಾಳಾದ ಮುಖ ಅಂತ ಅದರ ಅರ್ಥ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೌಂಟರಿನಲ್ಲಿ ಬಂಗಿಗೆ ಏನಾದರೂ ಕೊಡಿ ಎಂದರೆ ಇವತ್ತಿಗೂ ಸಿಗುತ್ತದೆ. ಇದರ ಬಗ್ಗೆ ನನಗೆ ನಿಜವಾಗಿ ಸಂಕಟವಿದೆ. ನನ್ನ ಬಳಿ ಬರುವ ನಡುವಯಸ್ಸಿನ ಹೆಂಗಸರ ಮೊಡವೆಯಲ್ಲಿ ಇಂಥ ಟ್ಯೂಬಿನ ಪಾಲು ಬಹಳ ಸಲ ಇರುತ್ತದೆ. ಯಾರೂ ಅದನ್ನು ಔಷಧಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರೆ ಏನು ಹಚ್ಚುತ್ತೀರಿ ಎಂದು ಕೇಳಿದರೆ, ಏನಿಲ್ಲ, ಸುಮ್ನೆ ಒಂದು ಕ್ರೀಮು ಅನ್ನುತ್ತಾರೆ.

ಹಾಗಂತ ನಿಮ್ಮ ಮೊಡವೆಯೆಲ್ಲ ಕ್ರೀಮಿನದೇ ಎಂದು ನಾನು ಹೇಳುವುದಿಲ್ಲ. ಮೊಡವೆ ಶುರುವಾಗಿ ನಾಲ್ಕು ವರ್ಷ, ಕ್ರೀಮು ಬಂದು ಎರಡು ವರ್ಷ. ಲೆಕ್ಕದ ಟೀಚರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಬೇರೆ ಕಾರಣದಿಂದ ಬಂದಿದೆ, ಆಮೇಲೆ ಕ್ರೀಮು ಅದರ ಮೇಲೆ ಕೂತಿದೆ.

ಆ ಬೇರೆ ಕಾರಣ ಹಾರ್ಮೋನು. ಮುಟ್ಟು ನಿಲ್ಲುವುದಕ್ಕೆ ಮುಂಚಿನ ಕೆಲವು ವರ್ಷ ಅಂಡಾಶಯದ ಈಸ್ಟ್ರೋಜನ್ ಏರುಪೇರಾಗುತ್ತಾ ಕಡಿಮೆಯಾಗುತ್ತದೆ. ಹೆಂಗಸರ ಮೈಯಲ್ಲೂ ಸ್ವಲ್ಪ ಇರುವ ಗಂಡು ಹಾರ್ಮೋನು, ಅಂದರೆ ಆಂಡ್ರೋಜನ್, ಅಷ್ಟು ಬೇಗ ಇಳಿಯುವುದಿಲ್ಲ. ತಕ್ಕಡಿ ಆ ಕಡೆ ವಾಲುತ್ತದೆ. ಚರ್ಮದ ಎಣ್ಣೆ ಗ್ರಂಥಿಗಳು ಆಂಡ್ರೋಜನ್ನಿನ ಮಾತು ಕೇಳುತ್ತವೆ. ಗದ್ದ, ದವಡೆಯಲ್ಲಿ ನೋಯುವ ಗಂಟು ಏಳುವುದು ಇದರ ಗುರುತು. ಮುಟ್ಟು ನಿಂತರೆ ತಾನಾಗೇ ಹೋಗುತ್ತೆ ಎಂದು ನಿಮ್ಮ ಯಜಮಾನರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕೆಲವರಿಗೆ ಹೋಗುತ್ತದೆ. ಕೆಲವರಿಗೆ 50 ದಾಟಿದರೂ ಇರುತ್ತದೆ. ಗುಂಡಿ ಬೀಳುತ್ತಿರುವಾಗ ಕಾಯುವುದು ನಷ್ಟದ ಬಾಬ್ತು.

ಇಲ್ಲಿ ಒಂದು ಎಚ್ಚರಿಕೆ. ಮೊಡವೆಯ ಜೊತೆಗೆ ಗಡ್ಡ ಮೀಸೆಯ ಜಾಗದಲ್ಲಿ ದಪ್ಪ ಕೂದಲು ಬೇಗ ಬೇಗ ಬೆಳೆಯುತ್ತಿದೆಯಾ? ದನಿ ಗಡುಸಾಗಿದೆಯಾ? ನೆತ್ತಿಯ ಕೂದಲು ಉದುರುತ್ತಿದೆಯಾ? ಕೆಲವೇ ತಿಂಗಳಲ್ಲಿ ಇವೆಲ್ಲ ಆಗಿದ್ದರೆ ಟೆಸ್ಟೋಸ್ಟಿರೋನ್, ಡಿಎಚ್‌ಇಎ ಸಲ್ಫೇಟ್ ಎಂಬ ಗಂಡು ಹಾರ್ಮೋನುಗಳ ಪರೀಕ್ಷೆ ಮಾಡಿಸಲೇಬೇಕು. ಅಂಡಾಶಯ ಅಥವಾ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇದ್ದರೆ ಹೀಗಾಗಬಹುದು. ಅಪರೂಪ, ಆದರೆ ತಪ್ಪಿಸಿಕೊಳ್ಳಬಾರದ್ದು. ನೀವು ಇಂಥದ್ದೇನೂ ಬರೆದಿಲ್ಲ. ಇನ್ನೊಂದು, ಕೈಕಾಲು ಜೋಮಿಗೆ ಅಂತ ಬಿ12 ಇಂಜೆಕ್ಷನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವರಿಗೆ ಬಿ12ನಿಂದ ಮೊಡವೆ ಏಳುತ್ತದೆ. ಟಿ.ಬಿ.ಯ ಐಸೋನಿಯಾಜಿಡ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ನುಂಗುವ ಸ್ಟಿರಾಯ್ಡ್ ಮಾತ್ರೆಗಳಿಂದಲೂ ಹಾಗೇ.

ಈಗ ನಿಮ್ಮ ಬೀರುವಿನಲ್ಲಿರುವ ಮಾತ್ರೆಗೆ ಬರೋಣ. ಅದು ಏನು ಎಂದು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ಉಳಿದ ಅರ್ಧ ಇರಬೇಕಾದದ್ದೇ.

ಐಸೊಟ್ರೆಟಿನಾಯಿನ್ ವಿಟಮಿನ್ ಎ ಕುಲದ ಔಷಧಿ. ಅಮೆರಿಕದಲ್ಲಿ 1982ರಲ್ಲಿ ಮೊಡವೆಗೆ ಒಪ್ಪಿಗೆ ಸಿಕ್ಕಿತು. ಅಂದರೆ ನಾಲ್ಕು ದಶಕ ದಾಟಿದ ಅನುಭವ ಇದೆ. ಬೇರೆ ಔಷಧಿಗಳು ಮೊಡವೆಯ ಒಂದೊಂದು ಕೊಂಡಿಯನ್ನು ಹಿಡಿಯುತ್ತವೆ. ಇದು ಮೂಲಕ್ಕೇ ಕೈ ಹಾಕುತ್ತದೆ. ಎಣ್ಣೆ ಗ್ರಂಥಿಯನ್ನೇ ಚಿಕ್ಕದು ಮಾಡುತ್ತದೆ. ಎಣ್ಣೆ ಕಡಿಮೆಯಾದರೆ ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳೂ ಕಡಿಮೆ. ರಂಧ್ರ ಮುಚ್ಚಿಕೊಳ್ಳುವುದು ನಿಲ್ಲುತ್ತದೆ. ಊತ ಇಳಿಯುತ್ತದೆ.

ಪೂರ್ತಿ ಪ್ರಮಾಣ ಎಂದರೆ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 0.5ರಿಂದ 1 ಮಿ.ಗ್ರಾಂ. ನಿಮ್ಮ ತೂಕಕ್ಕೆ 31ರಿಂದ 62 ಮಿ.ಗ್ರಾಂ ಆಯಿತು. ನಿಮಗೆ ಬರೆದದ್ದು 20. ಅಂದರೆ ಕೆ.ಜಿ.ಗೆ 0.32ರಷ್ಟು. ಇದು ಕಡಿಮೆ ಪ್ರಮಾಣವೇ. ನಿಮ್ಮ ಡಾಕ್ಟರ್ ಯೋಚಿಸಿಯೇ ಬರೆದಿದ್ದಾರೆ. ಇಡೀ ಚಿಕಿತ್ಸೆಯಲ್ಲಿ ಕೆ.ಜಿ.ಗೆ 120ರಿಂದ 150 ಮಿ.ಗ್ರಾಂ ಒಳಗೆ ಹೋಗಬೇಕು ಎಂದು ಹಳೆಯ ಲೆಕ್ಕ. 120 ಎಂದು ಹಿಡಿದರೆ ನಿಮಗೆ 7,440 ಮಿ.ಗ್ರಾಂ. ದಿನಕ್ಕೆ 20ರಂತೆ 372 ದಿನ, ಒಂದು ವರ್ಷ. ಆದರೆ ಕಡಿಮೆ ಪ್ರಮಾಣದಲ್ಲಿ ಕೊಡುವಾಗ ಅನೇಕ ವೈದ್ಯರು ಈ ಲೆಕ್ಕಕ್ಕೆ ಅಂಟಿಕೊಳ್ಳುವುದಿಲ್ಲ. ಮುಖ ಪೂರ್ತಿ ತಿಳಿಯಾದ ಮೇಲೆ ಇನ್ನೊಂದೆರಡು ತಿಂಗಳು ಕೊಟ್ಟು ನಿಲ್ಲಿಸುತ್ತಾರೆ. ನಡುವಯಸ್ಸಿನವರಿಗೆ ನಾನೂ ಹಾಗೇ ಮಾಡುತ್ತೇನೆ. ನಿಧಾನ, ಆದರೆ ತೊಂದರೆ ಕಡಿಮೆ.

ಹೆದರಿಕೆ ಇರಬೇಕಾದ್ದು ಎಲ್ಲಿ? ಲಿವರಿಗಿಂತ ಮೊದಲು ಗರ್ಭದ ವಿಷಯದಲ್ಲಿ. ಮಾತ್ರೆ ನುಂಗುತ್ತಿರುವಾಗ ಗರ್ಭ ನಿಂತರೆ ಮಗುವಿನ ಮಿದುಳು, ಹೃದಯ, ಕಿವಿ, ಮುಖದಲ್ಲಿ ಗಂಭೀರ ದೋಷ ಬರುವ ಅಪಾಯ ಬಹಳ ಜಾಸ್ತಿ. ಇಷ್ಟು ನುಂಗಿದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಪ್ರಮಾಣವೇ ಇಲ್ಲ. ಕೆಲವೇ ದಿನ ನುಂಗಿದರೂ ಅಪಾಯವೇ. ಅಮೆರಿಕದಲ್ಲಿ 2006ರಿಂದ ಇದಕ್ಕಾಗಿಯೇ ಒಂದು ನೋಂದಣಿ ವ್ಯವಸ್ಥೆ ಇದೆ. ಹೆಸರು ನೋಂದಾಯಿಸದೆ, ಗರ್ಭ ಪರೀಕ್ಷೆ ಮಾಡಿಸದೆ ಹೆಂಗಸರಿಗೆ ಈ ಮಾತ್ರೆ ಕೊಡುವುದಿಲ್ಲ. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ಹಾಗಾಗಿ ಜವಾಬ್ದಾರಿಯೆಲ್ಲ ಬರೆಯುವ ಡಾಕ್ಟರ್ ಮತ್ತು ನುಂಗುವ ನಿಮ್ಮ ಮೇಲೆ.

47ಕ್ಕೆ ಗರ್ಭವಾ ಎಂದು ನಿಮಗೆ ಅನಿಸಬಹುದು. ನಾಲ್ಕು ತಿಂಗಳು ಮುಟ್ಟು ಬಂದಿಲ್ಲ ಎಂದಿದ್ದೀರಿ. ಮುಟ್ಟು ನಿಂತಿದೆ ಎಂದು ಹೇಳಬೇಕಾದರೆ ಪೂರ್ತಿ 12 ತಿಂಗಳು ಬರದೇ ಇರಬೇಕು. 50ರ ಒಳಗಿನವರಿಗೆ, ಕೊನೆಯ ಮುಟ್ಟಿನ ನಂತರ ಎರಡು ವರ್ಷ ಗರ್ಭನಿರೋಧಕ ಬಳಸಿ ಎಂದು ಹೇಳುತ್ತೇವೆ. 50 ದಾಟಿದವರಿಗೆ ಒಂದು ವರ್ಷ. ನಾಲ್ಕು ತಿಂಗಳ ಅಂತರದಲ್ಲಿ ಅಂಡ ಬಿಡುಗಡೆ ಆಗುವುದೇ ಇಲ್ಲ ಎನ್ನಲು ಬರುವುದಿಲ್ಲ. ಹಾಗೆಯೇ, ಮುಟ್ಟು ನಿಂತಿರುವುದು ವಯಸ್ಸಿನಿಂದಲೇ ಎಂದೂ ಈಗಲೇ ಹೇಳಲಾಗದು. ಮೊದಲು ಮೂತ್ರದ ಗರ್ಭ ಪರೀಕ್ಷೆ ಮಾಡಿಸಿ. ಮನೆಯಲ್ಲೇ ಐದು ನಿಮಿಷದ ಕೆಲಸ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮಕ್ಕಳಾಗದ ಆಪರೇಷನ್ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ನಮ್ಮ ಕಡೆ ಎರಡನೇ ಹೆರಿಗೆ ಆದ ಕೂಡಲೇ ಮಾಡಿಸಿಕೊಂಡವರು ಬಹಳ. ಆಗಿದ್ದರೆ ದೊಡ್ಡ ಭಾರ ಇಳಿಯಿತು. ಕಾಪರ್ ಟಿ ಇದ್ದರೂ, ಯಜಮಾನರಿಗೆ ಆಪರೇಷನ್ ಆಗಿದ್ದರೂ ಸರಿ. ಏನೂ ಇಲ್ಲದಿದ್ದರೆ, ಮಾತ್ರೆ ಶುರು ಮಾಡುವ ಒಂದು ತಿಂಗಳ ಮುಂಚಿನಿಂದ, ನಿಲ್ಲಿಸಿದ ಒಂದು ತಿಂಗಳ ನಂತರದವರೆಗೆ ಗಟ್ಟಿ ಗರ್ಭನಿರೋಧಕ ಬೇಕು. ಅದನ್ನು ನಿಮ್ಮ ಸ್ತ್ರೀರೋಗ ವೈದ್ಯರ ಜೊತೆ ಕೂತು ಆರಿಸಿ. ಬಿ.ಪಿ. ಇರುವ 47ರ ಹೆಂಗಸಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಒಳ್ಳೆಯದಲ್ಲ. ರಕ್ತ ಹೆಪ್ಪುಗಟ್ಟುವ, ಪಾರ್ಶ್ವವಾಯು ಬಡಿಯುವ ಅಪಾಯ ಏರುತ್ತದೆ. ಮೊಡವೆಗೆ ಅಂತಲೂ ಅದನ್ನು ನಿಮಗೆ ಕೊಡಬಾರದು.

ಶಾಲೆಯಲ್ಲೋ ಕಾಲೇಜಿನಲ್ಲೋ ರಕ್ತದಾನ ಶಿಬಿರ ನಡೆದರೆ, ಮಾತ್ರೆ ನುಂಗುವಾಗ ಮತ್ತು ನಿಲ್ಲಿಸಿದ ಒಂದು ತಿಂಗಳು ರಕ್ತ ಕೊಡಬೇಡಿ. ಆ ರಕ್ತ ಒಬ್ಬ ಗರ್ಭಿಣಿಗೆ ಹೋಗಬಹುದು.

ಇನ್ನು ನಾದಿನಿಯ ಮಾತು. ಲಿವರಿನ ಕಿಣ್ವಗಳು ಕೆಲವರಲ್ಲಿ ಸ್ವಲ್ಪ ಏರುತ್ತವೆ, ಹೌದು. ಬಹುಪಾಲು ಸಣ್ಣ ಏರಿಕೆ. ಪ್ರಮಾಣ ಇಳಿಸಿದರೆ, ನಿಲ್ಲಿಸಿದರೆ ತಾನಾಗಿ ಇಳಿಯುತ್ತವೆ. ಲಿವರ್ ನಿಜವಾಗಿ ಹಾಳಾಗುವುದು ತೀರಾ ಅಪರೂಪ. ಅದಕ್ಕಿಂತ ಜಾಸ್ತಿ ಏರುವುದು ರಕ್ತದ ಕೊಬ್ಬು, ಅದರಲ್ಲೂ ಟ್ರೈಗ್ಲಿಸರೈಡ್. ನಿಮ್ಮ ವಿಷಯದಲ್ಲಿ ನಾನು ಲಿವರಿಗಿಂತ ಇದನ್ನೇ ನೋಡುತ್ತೇನೆ. 150ರ ಒಳಗೆ ಇರಬೇಕಾದ್ದು ಮಾತ್ರೆ ಇಲ್ಲದೆಯೇ 210 ಇತ್ತು, ಅದೂ ಒಂದು ವರ್ಷದ ಹಿಂದೆ. ಈಗ ಎಷ್ಟಿದೆ? ರಾತ್ರಿ ಊಟವಾದ ಮೇಲೆ 12 ಗಂಟೆ ಏನೂ ತಿನ್ನದೆ ಬೆಳಿಗ್ಗೆ ರಕ್ತ ಕೊಡಿ. ಜೊತೆಗೆ ಲಿವರ್, ಸಕ್ಕರೆ, ಥೈರಾಯ್ಡ್ ಪರೀಕ್ಷೆಯೂ ಆಗಲಿ. ಥೈರಾಯ್ಡ್ ಯಾಕೆಂದರೆ ಅದು ಕಡಿಮೆಯಾದರೂ ರಕ್ತದ ಕೊಬ್ಬು ಏರುತ್ತದೆ, ಮುಟ್ಟೂ ಏರುಪೇರಾಗುತ್ತದೆ. 200ರ ಆಸುಪಾಸು ಇದ್ದರೆ ಮಾತ್ರೆ ನಿಷಿದ್ಧವೇನಲ್ಲ. ಸಿಹಿ, ಮೈದಾ, ಕರಿದದ್ದು ಕಡಿಮೆ ಮಾಡಿ, ದಿನಾ ನಡೆದು ಅದನ್ನು ಮೊದಲು ಇಳಿಸಿಕೊಂಡು, ಶುರು ಮಾಡಿದ ಒಂದು ಒಂದೂವರೆ ತಿಂಗಳಿಗೆ ಮತ್ತೆ ನೋಡಬೇಕು. 500 ದಾಟಿದರೆ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು. ಅದಕ್ಕೂ ಬಹಳ ಮೇಲೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದೆ. ತಡೆಯಲಾಗದ ಹೊಟ್ಟೆನೋವು, ವಾಂತಿ ಬಂದರೆ ಗ್ಯಾಸ್ಟ್ರಿಕ್ ಎಂದು ಮನೆಯಲ್ಲಿ ಕೂರಬೇಡಿ.

ದಿನನಿತ್ಯ ನಿಮ್ಮನ್ನು ಕಾಡುವುದು ಮಾತ್ರ ಇವು ಯಾವುದೂ ಅಲ್ಲ. ಒಣಗುವುದು. ತುಟಿ ಬಿರಿಯುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಪೆಟ್ರೋಲಿಯಂ ಜೆಲ್ಲಿ ಸೆರಗಿನ ಗಂಟಿನಂತೆ ಸದಾ ಜೊತೆಗಿರಲಿ. ಮೂಗು ಒಣಗಿ ಒಂದೆರಡು ಹನಿ ರಕ್ತ ಬರಬಹುದು, ಅದೇ ಜೆಲ್ಲಿಯನ್ನು ಮೂಗಿನ ಒಳಗೆ ತೆಳ್ಳಗೆ ಹಚ್ಚಿ. ಹರೆಯದ ಹುಡುಗರು ಇಷ್ಟಕ್ಕೆ ಮುಗಿಸುತ್ತಾರೆ. ನಿಮ್ಮ ವಯಸ್ಸಿನಲ್ಲಿ ಹಾಗಲ್ಲ. ಮುಟ್ಟು ನಿಲ್ಲುವ ಕಾಲದಲ್ಲಿ ಚರ್ಮ, ಕಣ್ಣು, ಯೋನಿ ಮೊದಲೇ ಒಣಗತೊಡಗಿರುತ್ತವೆ. ಮಾತ್ರೆ ಅದರ ಮೇಲೆ ಇನ್ನಷ್ಟು ಒಣಗಿಸುತ್ತದೆ. ಕಣ್ಣಿನಲ್ಲಿ ಮರಳು ಬಿದ್ದಂತೆ ಆಗಬಹುದು. ಕಣ್ಣೀರಿನ ಹನಿ ಔಷಧಿ ಮೊದಲೇ ತಂದಿಟ್ಟುಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಬಿಡಬೇಕಾಗಬಹುದು. ಕತ್ತಲಲ್ಲಿ ಕಣ್ಣು ಮಂಜಾದರೆ ಸಂಜೆ ಮೇಲೆ ಸ್ಕೂಟರ್ ಓಡಿಸಬೇಡಿ, ಡಾಕ್ಟರಿಗೆ ತಕ್ಷಣ ಹೇಳಿ. ಕೆಳಗಿನ ಒಣಗುವಿಕೆಯ ಬಗ್ಗೆ ಯಾರೂ ಕೇಳುವುದಿಲ್ಲ, ನೀವೇ ಹೇಳಿ. ಅದಕ್ಕೂ ಔಷಧಿ ಇದೆ.

ಮೈಕೈ ನೋವು, ಸೊಂಟ ನೋವು ಬರಬಹುದು. ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್ ಮಾತ್ರೆಯೂ ಸೇರಿದರೆ ಸ್ನಾಯು ನೋವು ಯಾವುದರಿಂದ ಎಂದು ಗೊತ್ತಾಗದೆ ಗೊಂದಲವಾಗುತ್ತದೆ, ಅದನ್ನೂ ಮೊದಲೇ ತಿಳಿಸಿ. ಮೇಲ್ತುಟಿಗೆ ವ್ಯಾಕ್ಸ್ ಮಾಡಿಸಲೇಬೇಡಿ, ಚರ್ಮವೇ ಕಿತ್ತು ಬರುತ್ತದೆ. ಬಿಸಿಲು ಜಾಸ್ತಿ ತಾಗುತ್ತದೆ. ಬಂಗು ಬೇರೆ ಇರುವುದರಿಂದ ಸನ್‌ಸ್ಕ್ರೀನ್ ಬಿಡುವ ಹಾಗೇ ಇಲ್ಲ.

ಮನಸ್ಸಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಮಾತ್ರೆಯಿಂದ ಖಿನ್ನತೆ ಬರುತ್ತದಾ ಎಂದು ವರ್ಷಗಳಿಂದ ಚರ್ಚೆ ಇದೆ. ದೊಡ್ಡ ಗುಂಪುಗಳನ್ನು ನೋಡಿದ ಅಧ್ಯಯನಗಳಲ್ಲಿ ಒಟ್ಟಾರೆ ಏರಿಕೆ ಕಾಣಲಿಲ್ಲ. ಮುಖ ತಿಳಿಯಾದಂತೆ ಮನಸ್ಸು ಹಗುರಾಗುವವರೇ ಜಾಸ್ತಿ. ಆದರೂ ಒಬ್ಬೊಬ್ಬರಿಗೆ ಮನಸ್ಸು ಕುಗ್ಗುವುದು ಉಂಟು. ಮುಟ್ಟು ನಿಲ್ಲುವ ಕಾಲದಲ್ಲಿ ನಿದ್ದೆ ಕೆಡುವುದು, ಸುಮ್ಮಸುಮ್ಮನೆ ಅಳು ಬರುವುದು, ಸಿಡುಕು ಮೊದಲೇ ಇರುತ್ತವೆ. ಆಮೇಲೆ ಯಾವುದು ಯಾವುದರಿಂದ ಎಂದು ತಿಳಿಯುವುದಿಲ್ಲ. ಅದಕ್ಕೇ ಮಾತ್ರೆ ಶುರು ಮಾಡುವ ಮುಂಚೆ ಎರಡು ವಾರ ನಿಮ್ಮ ನಿದ್ದೆ, ಮನಸ್ಸು ಹೇಗಿದೆ ಎಂದು ಡೈರಿಯಲ್ಲಿ ಒಂದು ಸಾಲು ಬರೆದಿಡಿ. ಯಜಮಾನರಿಗೂ ಮಗಳಿಗೂ ಹೇಳಿಡಿ. ಬದಲಾವಣೆ ಮನೆಯವರಿಗೆ ಮೊದಲು ಕಾಣುತ್ತದೆ. ಹಿಂದೆ ಖಿನ್ನತೆಗೆ ಚಿಕಿತ್ಸೆ ಆಗಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ.

ಎರಡು ವಿಷಯ ಕಟ್ಟುನಿಟ್ಟು. ಉಳಿದಿರುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಇದರ ಜೊತೆ ನುಂಗಬೇಡಿ. ಎರಡೂ ಸೇರಿದರೆ ತಲೆಬುರುಡೆಯ ಒಳಗಿನ ಒತ್ತಡ ಏರಬಹುದು. ಜೋರು ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಅದರ ಲಕ್ಷಣ. ಕೂದಲಿಗೆ, ಕಣ್ಣಿಗೆ ಅಂತ ವಿಟಮಿನ್ ಎ ಇರುವ ಮಾತ್ರೆ, ಮೀನಿನ ಲಿವರಿನ ಎಣ್ಣೆಯ (ಕಾಡ್ ಲಿವರ್ ಆಯಿಲ್) ಗುಳಿಗೆಯೂ ಬೇಡ. ಕ್ಯಾರೆಟ್, ಸೊಪ್ಪು ತಿನ್ನಲು ಅಡ್ಡಿಯಿಲ್ಲ.

ನುಂಗುವ ಹೊತ್ತೂ ಮುಖ್ಯ. ಈ ಮಾತ್ರೆ ಕೊಬ್ಬಿನ ಜೊತೆ ಮಾತ್ರ ಚೆನ್ನಾಗಿ ಮೈಗೆ ಹತ್ತುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಫಿ ಜೊತೆ ನುಂಗಿದರೆ ಅರ್ಧಕ್ಕರ್ಧ ಹಾಳು. ಮಧ್ಯಾಹ್ನ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ತಿಂದ ಮೇಲೆ ನುಂಗಿ. ಅಷ್ಟು ಕೊಬ್ಬು ಸಾಕು. ಟ್ರೈಗ್ಲಿಸರೈಡ್ ಇರುವ ನೀವು ಮಾತ್ರೆಗಾಗಿ ಅಂತ ತುಪ್ಪ ಸುರಿದುಕೊಳ್ಳಬೇಕಿಲ್ಲ. ಇನ್ನೊಂದು, ಅನೇಕ ಕಂಪನಿಗಳ ಗುಳಿಗೆಯೊಳಗೆ ಸೋಯಾ ಎಣ್ಣೆ ಇರುತ್ತದೆ. ಸೋಯಾ ಅಲರ್ಜಿ ಇದ್ದವರು ಪೊಟ್ಟಣ ಓದಿಕೊಳ್ಳಬೇಕು.

ಮೊದಲ ತಿಂಗಳು ಮೊಡವೆ ಸ್ವಲ್ಪ ಜಾಸ್ತಿಯೇ ಆಗಬಹುದು. ಬಹಳ ಜನ ಅಲ್ಲಿಗೇ ಕೈ ಬಿಡುತ್ತಾರೆ. ಎರಡನೇ ತಿಂಗಳಿಂದ ಹೊಸ ಗಂಟು ಏಳುವುದು ಕಡಿಮೆಯಾಗುತ್ತಾ ಬರುತ್ತದೆ. ಒಂದು ಮಾತು ಮುಚ್ಚಿಡದೆ ಹೇಳಬೇಕು. ಹರೆಯದ ಹುಡುಗನಿಗೆ ಒಂದು ಸುತ್ತು ಕೊಟ್ಟರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ನಿಮ್ಮ ವಯಸ್ಸಿನ ಹಾರ್ಮೋನ್ ಮೊಡವೆ ಮಾತ್ರೆ ನಿಲ್ಲಿಸಿದ ಮೇಲೆ ಮರಳಿ ಬರುವ ಸಾಧ್ಯತೆ ಹೆಚ್ಚು. ಯಾಕೆಂದರೆ ಹಾರ್ಮೋನಿನ ಏರುಪೇರು ಇನ್ನೂ ನಡೆದೇ ಇರುತ್ತದೆ. ಹಾಗಾಗಿ ಮಾತ್ರೆ ಮುಗಿದ ಮೇಲೂ ಅಡಾಪಲೀನ್‌ನಂಥ ಮುಲಾಮನ್ನು ರಾತ್ರಿ ಹೊತ್ತು ಮುಂದುವರಿಸಬೇಕಾಗುತ್ತದೆ.

ಬೇರೆ ದಾರಿ ಇಲ್ಲವಾ? ಇದೆ. ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ ಮಾತ್ರೆ. ಮೂಲತಃ ನೀರಿಳಿಸುವ, ಬಿ.ಪಿ.ಯ ಔಷಧಿ. ಅದು ಆಂಡ್ರೋಜನ್ ಎಣ್ಣೆ ಗ್ರಂಥಿಯನ್ನು ತಟ್ಟದಂತೆ ತಡೆಯುತ್ತದೆ. ಬ್ರಿಟನ್ನಿನಲ್ಲಿ 410 ಹೆಂಗಸರ ಮೇಲೆ ನಡೆದ ಅಧ್ಯಯನ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಔಷಧಿಯೇ ಇಲ್ಲದ ಖಾಲಿ ಗುಳಿಗೆಗಿಂತ ಇದು ಮೇಲು ಎಂದು ಕಂಡಿತು. 12 ವಾರಕ್ಕಿಂತ 24 ವಾರದಲ್ಲಿ ವ್ಯತ್ಯಾಸ ಹೆಚ್ಚು ಸ್ಪಷ್ಟವಾಗಿತ್ತು. ಅಂದರೆ ಆರು ತಿಂಗಳ ತಾಳ್ಮೆ ಬೇಕು. ಗದ್ದ, ದವಡೆಯ ಮೊಡವೆಗೆ ಇದು ನನಗೆ ಇಷ್ಟದ ಔಷಧಿ. ನಿಮ್ಮಲ್ಲಿ ಒಂದೇ ತೊಡಕು, ಆ ಟೆಲ್ಮಿಸಾರ್ಟಾನ್. ಎರಡೂ ರಕ್ತದ ಪೊಟ್ಯಾಸಿಯಂ ಏರಿಸುತ್ತವೆ. ಅದು ಜಾಸ್ತಿಯಾದರೆ ಹೃದಯದ ಬಡಿತಕ್ಕೇ ತೊಂದರೆ. ಬಿ.ಪಿ. ನೋಡುವ ಡಾಕ್ಟರ್ ಒಪ್ಪಿ ಮಾತ್ರೆ ಬದಲಿಸಿದರೆ, ಕಿಡ್ನಿ ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಾಗ ಮಾಡಿಸಿದರೆ ಕೊಡಬಹುದು. ದಿನಾ ಎಳನೀರು ಕುಡಿಯುವ ಅಭ್ಯಾಸ ಇದ್ದರೆ ಹೇಳಿ, ಅದರಲ್ಲಿ ಪೊಟ್ಯಾಸಿಯಂ ಬಹಳ. ಗರ್ಭದಲ್ಲಿ ಇದೂ ನಿಷಿದ್ಧ.

ನೀವು ನನ್ನ ಎದುರು ಕೂತಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ. ಮೊದಲು ಆ ಟ್ಯೂಬನ್ನು ನೋಡುತ್ತಿದ್ದೆ. ಸ್ಟಿರಾಯ್ಡ್ ಇದ್ದರೆ ಅದನ್ನು ಬಿಡಿಸುತ್ತಿದ್ದೆ. ಆದರೆ ಇವತ್ತು ರಾತ್ರಿಯೇ ಒಮ್ಮೆಲೇ ಎಸೆದುಬಿಡಿ ಅನ್ನುವುದಿಲ್ಲ. ಎರಡು ವರ್ಷ ಹಚ್ಚಿದ ಮುಖ ಕೆಲವು ವಾರ ಕೆಂಡದಂತೆ ಉರಿಯಬಹುದು. ಆಗ ಮತ್ತೆ ಟ್ಯೂಬಿನ ಕಡೆ ಕೈ ಹೋಗುತ್ತದೆ. ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ ಎಂದು ಇಳಿಸುತ್ತಾ, ಉರಿ ತಣಿಸಲು ಬೇರೆ ಔಷಧಿ ಕೊಡುತ್ತಾ ಬಿಡಿಸಬೇಕು. ಕಡಲೆಹಿಟ್ಟು, ನಿಂಬೆರಸ, ಸ್ಕ್ರಬ್ ಯಾವುದೂ ಆ ಹೊತ್ತಿನಲ್ಲಿ ಬೇಡ. ಮೆದುವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಅಷ್ಟೇ. ಬಂಗಿಗೂ ಮೊಡವೆಗೂ ಎರಡಕ್ಕೂ ಆಗುವ ಅಜೆಲೆಯಿಕ್ ಆಸಿಡ್ ಮುಲಾಮು ಆಮೇಲೆ ಸೇರಿಸುತ್ತಿದ್ದೆ.

ಅದೇ ವಾರ ರಕ್ತ ಪರೀಕ್ಷೆ, ಗರ್ಭ ಪರೀಕ್ಷೆ. ಇವು ಸರಿಯಿದ್ದು, ಗರ್ಭನಿರೋಧಕದ ಏರ್ಪಾಡೂ ಮೇಲೆ ಹೇಳಿದಂತೆ ಆಗಿದ್ದರೆ ಐಸೊಟ್ರೆಟಿನಾಯಿನ್‌ಗೆ ನನ್ನ ಒಪ್ಪಿಗೆ ಇದೆ. ಗುಂಡಿ ಬೀಳುತ್ತಿರುವುದರಿಂದ ತಿಂಗಳುಗಟ್ಟಲೆ ಮುಂದೂಡಲೂ ಮನಸ್ಸಿಲ್ಲ. 20ರ ಬದಲು 10 ಮಿ.ಗ್ರಾಂನಿಂದ ಶುರು ಮಾಡಿ, ಒಂದು ತಿಂಗಳ ನಂತರ ರಕ್ತ ನೋಡಿ, 20ಕ್ಕೆ ಏರಿಸುತ್ತಿದ್ದೆ. ಮುಖ ಮೊದಲೇ ತೆಳುವಾಗಿ ಉರಿಯುತ್ತಿರುವಾಗ ಒಣಗಿಸುವ ಔಷಧಿಯನ್ನು ಮೆಲ್ಲಗೆ ಪರಿಚಯಿಸುವುದೇ ಒಳ್ಳೆಯದು. ಕಡಿಮೆ ಪ್ರಮಾಣದ ಐಸೊಟ್ರೆಟಿನಾಯಿನ್ ಸ್ಟಿರಾಯ್ಡ್‌ನಿಂದ ಕೆಟ್ಟ ಮುಖಕ್ಕೂ ಕೆಲವು ಸಲ ನೆರವಾಗುತ್ತದೆ. ಆದರೆ ಈ ನಿರ್ಧಾರ ನಿಮ್ಮನ್ನು ಕಣ್ಣಾರೆ ನೋಡಿದ ಡಾಕ್ಟರದ್ದು. ಕ್ರೀಮಿನ ವಿಷಯ, ನಾಲ್ಕು ತಿಂಗಳ ಮುಟ್ಟಿನ ವಿಷಯ, ಟೆಲ್ಮಿಸಾರ್ಟಾನ್, ಆ 210. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅವರ ಬಳಿಗೇ ವಾಪಸ್ ಹೋಗಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ನಾನಾಗಿದ್ದರೆ ಖುಷಿಯೇ ಪಡುತ್ತಿದ್ದೆ. ಟ್ಯೂಬು ಖಾಲಿಯಾಗಿದ್ದರೂ ಬಿಸಾಡಬೇಡಿ, ಅದನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಇನ್ನು ನಿಮ್ಮ ಮಗಳು. ಅಮ್ಮನ ಮೊಡವೆ ಮಾತ್ರೆ ಬೀರುವಿನಲ್ಲಿದೆ, ನನಗೂ ಮೊಡವೆ ಇದೆ ಎಂದು ಮಕ್ಕಳು ಒಂದೆರಡು ಗುಳಿಗೆ ನುಂಗಿ ನೋಡುವುದು ಹೊಸದೇನಲ್ಲ. ಅವಳಿಗೆ 21. ಈ ಮಾತ್ರೆ ಗರ್ಭಕ್ಕೆ ಏನು ಮಾಡುತ್ತದೆ ಎಂದು ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿ. ಅವಳ ಮೊಡವೆಗೆ ಅವಳನ್ನೇ ಡಾಕ್ಟರಿಗೆ ತೋರಿಸಿ. ನೀವು ಮತ್ತೆ ಡಾಕ್ಟರನ್ನು ಕಂಡು ಬರುವವರೆಗೆ ಆ ಸ್ಟ್ರಿಪ್ಪು ಬೀರುವಿನಲ್ಲೇ ಇರಲಿ, ಆದರೆ ಬೀಗ ಹಾಕಿದ ಖಾನೆಯಲ್ಲಿ.